ಆಪರೇಷನ್ ಆದ ಮಕ್ಕಳು ಏನಾದರು? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ನಮ್ಮೆಲ್ಲರ ತೆರಿಗೆ ಹಣದಲ್ಲಿ, ಹೃದಯದ ಆಪರೇಷನ್ ಆದ ಮಕ್ಕಳ ಪೈಕಿ ಎಷ್ಟು ಮಂದಿ ಒಂದು ತಿಂಗಳ ಮೇಲೆ ಬದುಕಿದ್ದರು? ಒಂದು ವರ್ಷದ ಮೇಲೆ ಎಷ್ಟು ಮಂದಿ? ಯಾವ ಆಸ್ಪತ್ರೆಯಲ್ಲಿ ಎಷ್ಟು? ಈ ಲೆಕ್ಕವನ್ನು ಜನರ ಮುಂದಿಡಿ. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂದು ಹೇಳುವುದಕ್ಕೆ ಉಳಿದ ಪುಟಗಳು.

ಸರ್ಕಾರ ಏನೂ ಮಾಡಿಲ್ಲ ಎಂಬ ತಕರಾರು ನನ್ನದಲ್ಲ. 2003ರಲ್ಲಿ ಯಶಸ್ವಿನಿ ಬಂತು, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, 2018ರಲ್ಲಿ ಆರೋಗ್ಯ ಕರ್ನಾಟಕ ಬಂದು ಅದೇ ವರ್ಷ ಕೇಂದ್ರದ ಆಯುಷ್ಮಾನ್ ಜೊತೆ ಸೇರಿತು. ಇವತ್ತು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ. ಅಂಗನವಾಡಿಗೂ ಶಾಲೆಗೂ ಹೋಗಿ ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಡುವ ಆರ್‌ಬಿಎಸ್‌ಕೆ ತಂಡಗಳು 2013ರ ನಂತರ ಬಂದವು. ಒಂದು ಕಾಲಕ್ಕೆ ಹೊಲ ಮಾರಿ ಮಾಡಿಸುತ್ತಿದ್ದ ಆಪರೇಷನ್ ಈಗ ಕಾರ್ಡು ತೋರಿಸಿದರೆ ಆಗುತ್ತದೆ. ಇದನ್ನು ಅಲ್ಲಗಳೆಯುವವನು ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ.

ಆದರೆ ಜಾಹೀರಾತಿನಲ್ಲಿ ನೀವು ಎಣಿಸಿ ತೋರಿಸುವುದು ಎರಡನ್ನು ಮಾತ್ರ: ಫಲಾನುಭವಿಗಳು ಎಷ್ಟು, ಖರ್ಚಾದ ಕೋಟಿ ಎಷ್ಟು. ಫಲಾನುಭವಿಗೆ ಫಲ ಸಿಕ್ಕಿತೇ ಎಂಬ ಕಾಲಂ ಎಲ್ಲೂ ಕಾಣುವುದಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ತೀರಿಹೋದ ಕೂಸೂ ಆ ಪಟ್ಟಿಯಲ್ಲಿ ಫಲಾನುಭವಿಯೇ.

ಮಾತು ಗಾಳಿಯಲ್ಲಿ ತೇಲಬಾರದು ಎಂದು ಒಂದೇ ಒಂದು ಕಾಯಿಲೆಯನ್ನು ಹಿಡಿದು ಹೇಳುತ್ತೇನೆ. ವೈದ್ಯರು ಅದನ್ನು ಅಲ್ಕಾಪಾ ಎನ್ನುತ್ತಾರೆ. 1933ರಲ್ಲಿ ಬೋಸ್ಟನ್ನಿನ ಬ್ಲಾಂಡ್, ವೈಟ್, ಗಾರ್ಲಂಡ್ ಎಂಬ ಮೂವರು ವೈದ್ಯರು ಮೂರು ತಿಂಗಳ ಮಗುವೊಂದರಲ್ಲಿ ಇದನ್ನು ವಿವರವಾಗಿ ಬರೆದಿಟ್ಟರು. ಹೃದಯ ಇಡೀ ದೇಹಕ್ಕೆ ರಕ್ತ ತಳ್ಳುತ್ತದೆ, ಸರಿ. ಅದರ ಸ್ನಾಯುವಿಗೂ ರಕ್ತ ಬೇಕಲ್ಲ? ಅದನ್ನು ತರುವ ಎರಡು ಕರೊನರಿ ನಾಳಗಳು ಮಹಾಪಧಮನಿಯ ಬುಡದಿಂದ ಹೊರಡಬೇಕು. ಈ ಮಕ್ಕಳಲ್ಲಿ ಎಡಗಡೆಯ ನಾಳ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಿಂದ ಹೊರಟಿರುತ್ತದೆ. ಹೊಟ್ಟೆಯಲ್ಲಿದ್ದಾಗ, ಹುಟ್ಟಿದ ಮೊದಲ ಕೆಲವು ವಾರ, ಆ ಅಪಧಮನಿಯಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಹೇಗೋ ನಡೆದುಹೋಗುತ್ತದೆ. ಆಮೇಲೆ ಒತ್ತಡ ಇಳಿಯುತ್ತದೆ. ಎಡ ನಾಳಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ಸಾಲದ್ದಕ್ಕೆ, ಬಲ ನಾಳದಿಂದ ಕವಲುಗಳ ಮೂಲಕ ಬಂದ ಅಷ್ಟಿಷ್ಟು ರಕ್ತವೂ ಎಡ ನಾಳದಲ್ಲಿ ಹಿಮ್ಮುಖವಾಗಿ ಹರಿದು ಶ್ವಾಸಕೋಶದ ಕಡೆ ಸೋರಿಹೋಗುತ್ತದೆ. ಎರಡು–ಮೂರು ತಿಂಗಳ ಕೂಸಿಗೆ ಹಾರ್ಟ್ ಅಟ್ಯಾಕ್ ಆಗುವುದು ಹೀಗೆ.

ಮನೆಯಲ್ಲಿ ಕಾಣುವುದೇನು? ಹಾಲು ಕುಡಿಯುತ್ತಿದ್ದ ಮಗು ನಡುವೆ ಮೊಲೆ ಬಿಟ್ಟು ಕಿಟಾರನೆ ಚೀರುತ್ತದೆ. ಹಣೆ, ನೆತ್ತಿ ಬೆವತಿರುತ್ತದೆ. ಮುಖ ಬಿಳಚಿಕೊಳ್ಳುತ್ತದೆ, ಉಸಿರು ಓಡುತ್ತದೆ. ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ, ಮತ್ತೆ ಹಾಲು ಕೊಟ್ಟರೆ ಮತ್ತದೇ. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಯಾರೋ ಗ್ರೈಪ್ ವಾಟರ್ ಹಾಕಿ ಎನ್ನುತ್ತಾರೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಕಫ ಕಟ್ಟಿದೆ ಎಂದು ಸಿರಪ್ ಬರೆಯುತ್ತಾರೆ. ಇವರನ್ನು ದೂರಿ ಫಲವಿಲ್ಲ, ಏಕೆಂದರೆ ಈ ಮಗು ನೀಲಿಗಟ್ಟುವುದಿಲ್ಲ. ಬೆರಳಿಗೆ ಆಮ್ಲಜನಕದ ಕ್ಲಿಪ್ ಹಾಕಿ ನೋಡಿದರೆ ಅಂಕಿ ಸರಿಯಾಗಿಯೇ ಬರುತ್ತದೆ. ಎಷ್ಟೋ ಸಲ ಹೃದಯದಲ್ಲಿ ಮರ್ಮರ ಶಬ್ದವೂ ಕೇಳಿಸುವುದಿಲ್ಲ. ಯಾರೋ ಒಬ್ಬರು ಎಕ್ಸ್‌ರೇ ತೆಗೆಸಿ ಹೃದಯ ಎದೆ ತುಂಬ ಹರಡಿರುವುದನ್ನು ಕಂಡು, ಇಸಿಜಿ ಮಾಡಿಸಿ, ಎಕೋಗೆ ಕಳುಹಿಸಿದರೆ ಮಗುವಿನ ಪುಣ್ಯ. ಎಕೋ ಮಾಡುವವರು ಎಡ ಕರೊನರಿ ಎಲ್ಲಿಂದ ಹೊರಟಿದೆ ಎಂದು ಹುಡುಕಿಯೇ ನೋಡಬೇಕು. ನೋಡದಿದ್ದರೆ ‘ಹೃದಯದ ಸ್ನಾಯು ದುರ್ಬಲ’ ಎಂದಷ್ಟೇ ಬರೆದು ಮಾತ್ರೆ ಕೊಟ್ಟು ಕಳುಹಿಸುವ ಸಾಧ್ಯತೆ ಇದೆ. ಆಪರೇಷನ್ ಆಗದಿದ್ದರೆ ನೂರರಲ್ಲಿ ತೊಂಬತ್ತರಷ್ಟು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ.

ಆಪರೇಷನ್ ಎಂದರೆ ತಪ್ಪು ಜಾಗದಲ್ಲಿ ಹುಟ್ಟಿದ ಆ ನಾಳವನ್ನು ಸುತ್ತಲಿನ ಗೋಡೆಯ ಗುಂಡಿಯಷ್ಟಗಲದ ತುಂಡಿನ ಸಮೇತ ಕತ್ತರಿಸಿ ತಂದು ಮಹಾಪಧಮನಿಗೆ ಹೊಲಿಯುವುದು. ನಾಳದ ಅಗಲ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಕನ್ನಡಕಕ್ಕೆ ಭೂತಗನ್ನಡಿ ಜೋಡಿಸಿಕೊಂಡು, ಕೂದಲೆಳೆಯಂಥ ದಾರದಲ್ಲಿ ಹೊಲಿಯಬೇಕು. ನಾಳ ಎಲ್ಲೂ ಜಗ್ಗಬಾರದು, ತಿರುಚಬಾರದು, ಮಡಚಬಾರದು. ಅಷ್ಟು ಮಾಡಿಯೂ, ತಿಂಗಳುಗಟ್ಟಲೆ ಉಪವಾಸ ಬಿದ್ದಿದ್ದ ಹೃದಯ ಅವತ್ತೇ ಎದ್ದು ದುಡಿಯುವುದಿಲ್ಲ. ಕೆಲವು ಮಕ್ಕಳಿಗೆ ಹೃದಯದ ಕೆಲಸವನ್ನು ಕೆಲವು ದಿನ ಯಂತ್ರವೇ ಮಾಡಬೇಕಾಗುತ್ತದೆ. ರಾತ್ರಿ ಮೂರು ಗಂಟೆಗೆ ಮಾನಿಟರಿನಲ್ಲಿ ಗೆರೆ ಬದಲಾದದ್ದನ್ನು ಗುರುತಿಸಿ ಡಾಕ್ಟರನ್ನು ಎಬ್ಬಿಸುವ ನರ್ಸ್ ಬೇಕಾಗುತ್ತದೆ.

ಇಷ್ಟೆಲ್ಲ ಇರುವ ಕಡೆ ಫಲಿತಾಂಶ ಬಹಳ ಚೆನ್ನಾಗಿದೆ. ಒಳ್ಳೆಯ ಕೇಂದ್ರಗಳಲ್ಲಿ ಈ ಆಪರೇಷನ್ ಆದ ನೂರು ಮಕ್ಕಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ಊದಿಕೊಂಡ ಹೃದಯ ತಿಂಗಳುಗಳಲ್ಲಿ ಕುಗ್ಗಿ, ಬಹುಪಾಲು ಮಕ್ಕಳಲ್ಲಿ ವರ್ಷದೊಳಗೆ ಮಾಮೂಲಿಗೆ ಹತ್ತಿರ ಬರುತ್ತದೆ. ಸೋರುತ್ತಿದ್ದ ಮೈಟ್ರಲ್ ಕವಾಟವೂ ಎಷ್ಟೋ ಸಲ ತಾನಾಗಿ ಸುಧಾರಿಸುತ್ತದೆ. ಮಕ್ಕಳ ಹೃದಯ ಇಷ್ಟರ ಮಟ್ಟಿಗೆ ಚೇತರಿಸಿಕೊಳ್ಳುವ ಕಾಯಿಲೆಗಳು ಹೆಚ್ಚಿಲ್ಲ. ಹೀಗಾಗಿಯೇ ಇದು ಒಂದು ಒರೆಗಲ್ಲು. ಬೇಗ ಪತ್ತೆ, ಸರಿಯಾದ ರೆಫರಲ್, ಪಳಗಿದ ಕೈ, ಎಚ್ಚರದ ಐಸಿಯು, ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಮಗು ಉಳಿಯುವುದಿಲ್ಲ.

ಸಚಿವರೇ, ಇದು ಸುಮಾರು 3 ಲಕ್ಷ ಹೆರಿಗೆಗೆ ಒಂದು ಮಗುವಿಗೆ ಬರುವ ಕಾಯಿಲೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ನಿಜ. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆಯಾಗುವ ನಮ್ಮ ರಾಜ್ಯದಲ್ಲಿ ಮೂರೋ ನಾಲ್ಕೋ ಮಕ್ಕಳು. ಆದರೆ ಇದೇ ಕರೊನರಿ ನಾಳಗಳನ್ನು ಎತ್ತಿ ಬೇರೆಡೆ ಹೊಲಿಯುವ ಕೆಲಸ ಇನ್ನೊಂದು ಆಪರೇಷನ್ನಿನಲ್ಲೂ ಇದೆ. ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟುವ ಮಕ್ಕಳಿಗೆ ಮಾಡುವ ‘ಆರ್ಟೀರಿಯಲ್ ಸ್ವಿಚ್’ ಅದು. ಅಂಥವರು ನಮ್ಮಲ್ಲಿ ವರ್ಷಕ್ಕೆ ಅಂದಾಜು ಇನ್ನೂರು–ಮುನ್ನೂರು. ಒಟ್ಟು ಹೃದಯದೋಷದ ಲೆಕ್ಕ ಹಿಡಿದರೆ ಸಾವಿರಕ್ಕೆ ಎಂಟೋ ಒಂಬತ್ತೋ ಮಕ್ಕಳು, ಅಂದರೆ ವರ್ಷಕ್ಕೆ ಎಂಟು–ಒಂಬತ್ತು ಸಾವಿರ. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಬೇಕಾದವರ ತಂದೆತಾಯಿಗೆ ಮಾತ್ರ ಎಲ್ಲಿಗೆ ಹೋದರೆ ಮಗು ಉಳಿಯುತ್ತದೆ ಎಂದು ತಿಳಿದುಕೊಳ್ಳುವ ದಾರಿ ಇಲ್ಲ.

ಮಕ್ಕಳ ಹೃದಯದ ವಾರ್ಡಿನ ಹೊರಗೆ ಹಾಕಿರುವ ಕಬ್ಬಿಣದ ಕುರ್ಚಿಗಳ ಮೇಲೆ ನೀವು ಅರ್ಧ ದಿನ ಕೂತರೆ ಸಾಕು. ಯೋಜನೆಯ ಕಾಗದಪತ್ರ ನೋಡುವ ಆರೋಗ್ಯಮಿತ್ರರ ಟೇಬಲ್ಲಿನ ಮುಂದೆ ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡು, ಆಧಾರ್, ರೆಫರಲ್ ಚೀಟಿ ಹಿಡಿದು ನಿಂತ ಅಪ್ಪ. ಅಪ್ರೂವಲ್ ಬಂತಾ, ಬಂತಾ ಎಂದು ಗಂಟೆಗೊಮ್ಮೆ ಕೇಳುತ್ತಿರುತ್ತಾನೆ. ಅದು ಬಂದ ಮೇಲೆ ಒಳಗೆ ಕರೆಯುತ್ತಾರೆ. ‘ಹೈ ರಿಸ್ಕ್ ಕೇಸು, ಇಲ್ಲಿ ಸೈನ್ ಮಾಡಿ.’ ‘ಎಷ್ಟು ಪರ್ಸೆಂಟ್ ಚಾನ್ಸ್ ಐತ್ರಿ ಸರ?’ ‘ಹಂಗೆಲ್ಲ ಹೇಳಕ್ಕಾಗಲ್ಲಪ್ಪ, ನಮ್ ಪ್ರಯತ್ನ ನಾವು ಮಾಡ್ತೀವಿ.’ ಡಾಕ್ಟರು ಸುಳ್ಳು ಹೇಳುತ್ತಿಲ್ಲ. ಅವರ ಆಸ್ಪತ್ರೆಯ ಪರ್ಸೆಂಟನ್ನು ಅವರೇ ಕೂಡಿಸಿ ನೋಡಿರಬಹುದು, ನೋಡಿಲ್ಲದೆಯೂ ಇರಬಹುದು. ನೋಡಿದ್ದರೂ ಹೇಳಬೇಕೆಂಬ ಕಟ್ಟಳೆಯಿಲ್ಲ. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆಂದು ನಮ್ಮ ಕೆಪಿಎಂಇ ಕಾಯ್ದೆ ಹೇಳುತ್ತದೆ. 2017ರ ನವೆಂಬರಿನಲ್ಲಿ ಅದರ ತಿದ್ದುಪಡಿಗಾಗಿ ಬೆಳಗಾವಿಯಲ್ಲಿ ಎಂಥ ಗದ್ದಲವಾಯಿತು, ಖಾಸಗಿ ವೈದ್ಯರು ಹೇಗೆ ಬೀದಿಗಿಳಿದರು ಎಂಬುದು ನಿಮಗೂ ನೆನಪಿದೆ. ಅಷ್ಟೆಲ್ಲ ಗುದ್ದಾಡಿ ನಾವು ಕೇಳಿದ್ದು ಬೆಲೆಯ ಬೋರ್ಡನ್ನು. ಬೆಲೆ ಗೊತ್ತಿದ್ದು ಫಲಿತಾಂಶ ಗೊತ್ತಿಲ್ಲದ ವ್ಯಾಪಾರಕ್ಕೆ ನಮ್ಮೂರ ಸಂತೆಯಲ್ಲಿ ಯಾರೂ ಕೈ ಹಾಕುವುದಿಲ್ಲ.

‘ಮಾಹಿತಿ ಎಲ್ಲಿದೆ’ ಎಂದು ದಯವಿಟ್ಟು ಕೇಳಬೇಡಿ. ನಿಮ್ಮ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಕಂಪ್ಯೂಟರಿನಲ್ಲೇ ಇದೆ. ಪ್ರತಿ ಆಪರೇಷನ್ನಿಗೂ ಮೊದಲು ಅನುಮೋದನೆ, ಆಮೇಲೆ ಕ್ಲೇಮು, ಕ್ಲೇಮಿನ ಜೊತೆ ಡಿಸ್ಚಾರ್ಜ್ ಸಮ್ಮರಿ. ಮಗು ಮನೆಗೆ ಹೋಯಿತೋ ಇಲ್ಲವೋ ಎಂಬುದು ಅದರಲ್ಲಿ ಬರೆದಿರುತ್ತದೆ. ಮನೆಗೆ ಹೋದ ಮೇಲೆ ಏನಾಯಿತು ಎಂದು ತಿಳಿಯಲು ಜನನ ಮರಣ ನೋಂದಣಿಯ ಇ–ಜನ್ಮ ತಂತ್ರಾಂಶ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ, ಅವರ ಕೈಯಲ್ಲಿ ಫೋನ್ ಇದೆ. ಹೆರಿಗೆಯಾದ ಮನೆಗೆ ಹೋಗಿ ಮಗುವಿನ ತೂಕ ಬರೆದುಕೊಳ್ಳುವ ಆಶಾ, ಆಪರೇಷನ್ ಆದ ಮಗು ಹೇಗಿದೆ ಎಂದು ಮೂವತ್ತನೇ ದಿನ ಒಮ್ಮೆ, ವರ್ಷಕ್ಕೊಮ್ಮೆ ಬರೆದುಕೊಳ್ಳಲಾರರೇ? ಅದಕ್ಕೆ ತಕ್ಕ ಗೌರವಧನ ಕೊಟ್ಟರೆ ಖಂಡಿತ ಬರೆದುಕೊಳ್ಳುತ್ತಾರೆ. (ಕೊಡದೆ ಇನ್ನೊಂದು ಕೆಲಸ ತಲೆಗೆ ಕಟ್ಟುವುದಾದರೆ ಬೇಡ, ಅವರಿಗೆ ಈಗಿರುವುದೇ ಸಾಕಾಗಿದೆ.)

ಫಲಿತಾಂಶ ಅಳೆಯುವುದು ಈ ನಾಡಿಗೆ ಹೊಸದೂ ಅಲ್ಲ. ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾದಾಗ, ಯೋಜನೆ ಇದ್ದ ಜಿಲ್ಲೆಗಳ ಗಡಿಯ ಹಳ್ಳಿಗಳನ್ನೂ ಆಚೆ ಬದಿಯ, ಯೋಜನೆ ಇನ್ನೂ ಬಾರದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಸತ್ತ ಬಡವರ ಪ್ರಮಾಣ ಈಚೆ ಕಡೆ ಶೇ. 0.32, ಆಚೆ ಕಡೆ ಶೇ. 0.90. 2014ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಸರ್ಕಾರಿ ವಿಮೆ ಜೀವ ಉಳಿಸುತ್ತದೆಯೇ ಎಂಬ ಪ್ರಶ್ನೆ ಬಂದಾಗ ಹೊರಗಿನವರು ತೋರಿಸುವ ಉದಾಹರಣೆ ನಮ್ಮದು. ಹಳ್ಳಿ ಹಳ್ಳಿಯ ಸಾವನ್ನು ಎಣಿಸಿ ಹೆಸರು ಪಡೆದ ರಾಜ್ಯಕ್ಕೆ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ ನಡೆಯುವ ಆಪರೇಷನ್ ಎಣಿಸುವುದು ಕಷ್ಟವೇ?

ಎಣಿಸದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಬೇಕು. ಅಲ್ಲಿನ ರಾಯಲ್ ಇನ್‌ಫರ್ಮರಿ ಹೆಸರುವಾಸಿ ಸರ್ಕಾರಿ ಆಸ್ಪತ್ರೆ. 1988ರಲ್ಲಿ ಸ್ಟೀಫನ್ ಬೋಲ್ಸಿನ್ ಎಂಬ ಅರಿವಳಿಕೆ ವೈದ್ಯರು ಅಲ್ಲಿಗೆ ಸೇರಿದರು. ಮಕ್ಕಳ ಹೃದಯದ ಆಪರೇಷನ್ನುಗಳು ಬೇರೆ ಕಡೆಗಿಂತ ಹೆಚ್ಚು ಹೊತ್ತು ಹಿಡಿಯುತ್ತಿವೆ, ಹೆಚ್ಚು ಮಕ್ಕಳು ಸಾಯುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತು. ತಾವೇ ಕೂತು ಲೆಕ್ಕ ಹಾಕಿದರು, ಮೇಲಿನವರಿಗೆ ಹೇಳಿದರು. ಯಾರಿಗೂ ಬೇಕಾಗಿರಲಿಲ್ಲ. ವಿವಾದದ ಕೇಂದ್ರದಲ್ಲಿದ್ದ ಆಪರೇಷನ್ನುಗಳಲ್ಲಿ ನಾನು ಮೇಲೆ ಹೇಳಿದ, ಕರೊನರಿ ನಾಳಗಳನ್ನು ಸ್ಥಳಾಂತರಿಸುವ ಸ್ವಿಚ್ ಕೂಡ ಒಂದು. ಅದು 1995ರವರೆಗೂ ನಡೆಯಿತು. ಕೊನೆಗೆ ಇಯಾನ್ ಕೆನಡಿ ನೇತೃತ್ವದಲ್ಲಿ ಸಾರ್ವಜನಿಕ ತನಿಖೆಯಾಗಿ 2001ರ ಜುಲೈನಲ್ಲಿ ವರದಿ ಬಂತು: 1991ರಿಂದ 1995ರ ನಡುವೆ, ಬೇರೆ ಆಸ್ಪತ್ರೆಗಳ ಮಟ್ಟದಲ್ಲೇ ಕೆಲಸ ನಡೆದಿದ್ದರೆ ಬದುಕಬಹುದಾಗಿದ್ದ, ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಅಲ್ಲಿ ಸತ್ತಿದ್ದರು. ಆ ಸರ್ಜನ್ನರು ದುಷ್ಟರೆಂದು ವರದಿ ಹೇಳಲಿಲ್ಲ. ಒಬ್ಬರನ್ನೊಬ್ಬರು ಕೇಳದ, ಲೆಕ್ಕ ನೋಡದ, ನೋಡಿದವನನ್ನು ದೂರವಿಡುವ ವ್ಯವಸ್ಥೆಯನ್ನು ಅದು ಬಿಡಿಸಿ ತೋರಿಸಿತು. ಬೋಲ್ಸಿನ್ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು.

ಇವತ್ತು ಬ್ರಿಟನ್ನಿನ ಮಕ್ಕಳ ಹೃದಯದ ಆಸ್ಪತ್ರೆಗಳ ಮೂವತ್ತು ದಿನದ ಫಲಿತಾಂಶ ಬಹಿರಂಗವಾಗಿ ಸಿಗುತ್ತದೆ. ಬಂದ ಮಕ್ಕಳು ಎಷ್ಟು ಗಂಭೀರ ಸ್ಥಿತಿಯಲ್ಲಿದ್ದರು ಎಂದು ತೂಗಿ, ಈ ಆಸ್ಪತ್ರೆಯಲ್ಲಿ ಇಷ್ಟರಿಂದ ಇಷ್ಟು ಮಕ್ಕಳು ಬದುಕುವ ನಿರೀಕ್ಷೆ ಇತ್ತು, ನಿಜಕ್ಕೂ ಬದುಕಿದ್ದು ಇಷ್ಟು ಎಂದು ಹೇಳುತ್ತಾರೆ. ಅದನ್ನು ಸಾಮಾನ್ಯರಿಗೆ ಅರ್ಥವಾಗುವಂತೆ ಬರೆಯಲು ಗಣಿತಜ್ಞರು 2016ರಲ್ಲಿ ಮಕ್ಕಳ ತಂದೆತಾಯಿಯರನ್ನೇ ಕೂರಿಸಿಕೊಂಡು ಕೆಲಸ ಮಾಡಿದರು.

ಈಗ ನಮ್ಮ ಸರ್ಜನ್ನರ ಆತಂಕಕ್ಕೆ ಬರೋಣ. ಅದು ಸುಳ್ಳು ಆತಂಕವಲ್ಲ. ಅಂಕಿ ಪ್ರಕಟವಾದರೆ ಕಷ್ಟದ ಕೇಸುಗಳನ್ನು ಯಾರೂ ಮುಟ್ಟುವುದಿಲ್ಲ, ಕೊನೆಗಳಿಗೆಯಲ್ಲಿ ಬಂದ ಮಗುವನ್ನು ಬಾಗಿಲಿನಿಂದಲೇ ವಾಪಸು ಕಳುಹಿಸುತ್ತಾರೆ ಎನ್ನುತ್ತಾರೆ ಅವರು. ನಮ್ಮಲ್ಲಿ ಮಗು ತಡವಾಗಿ ಬರುತ್ತದೆ, ತೂಕವಿಲ್ಲದೆ ಬರುತ್ತದೆ, ನಂಜಾಗಿ ಬರುತ್ತದೆ. ಅದನ್ನು ಲಂಡನ್ನಿನ ಮಗುವಿನ ಪಕ್ಕ ಇಟ್ಟು ಅಳೆಯುವುದು ಅನ್ಯಾಯ ಎನ್ನುತ್ತಾರೆ. ಎರಡೂ ಸರಿ. ಅರೆಬರೆ ಅಂಕಿ ಹೇಗೆ ಕಡಿಯುತ್ತದೆ ಎಂಬುದಕ್ಕೆ ಇಂಗ್ಲೆಂಡಿನದೇ ಲೀಡ್ಸ್ ಸಾಕ್ಷಿ. 2013ರ ಮಾರ್ಚಿನಲ್ಲಿ ಅಲ್ಲಿನ ಮಕ್ಕಳ ಹೃದಯದ ಆಪರೇಷನ್ನುಗಳನ್ನು ಸಾವಿನ ಅಂಕಿ ಹೆಚ್ಚಿದೆಯೆಂದು ದಿಢೀರನೆ ನಿಲ್ಲಿಸಿದರು. ಆಸ್ಪತ್ರೆ ಕೊಟ್ಟ ಮಾಹಿತಿ ಅಪೂರ್ಣವಾಗಿತ್ತೆಂದು ಗೊತ್ತಾಗಿ ಕೆಲವೇ ದಿನಗಳಲ್ಲಿ ಮತ್ತೆ ಶುರುಮಾಡಿದರು. ಹಾಗಾಗಿ ಪೂರ್ತಿ ಮಾಹಿತಿ ಬೇಕು, ಹೊರಗಿನವರು ಬಂದು ಪರಿಶೀಲಿಸಬೇಕು, ಕಾಯಿಲೆಯ ತೀವ್ರತೆಯನ್ನು ತೂಗಬೇಕು. ಆಪರೇಷನ್ನುಗಳನ್ನು ಅಪಾಯದ ಶ್ರೇಣಿಗಳಲ್ಲಿ ವಿಂಗಡಿಸುವ ಪದ್ಧತಿ ಜಗತ್ತಿನಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಬಳಕೆಯಲ್ಲಿದೆ. ಬಡ ಮತ್ತು ಮಧ್ಯಮ ದೇಶಗಳ ಆಸ್ಪತ್ರೆಗಳಿಗಾಗಿಯೇ ಬೋಸ್ಟನ್ ಮಕ್ಕಳ ಆಸ್ಪತ್ರೆ ಮುಂದೆ ನಿಂತು ನಡೆಸುವ ಒಂದು ಜಾಲಕ್ಕೆ ಭಾರತದ ಹಲವು ಆಸ್ಪತ್ರೆಗಳು ಈಗಾಗಲೇ ತಮ್ಮ ಅಂಕಿ ಕೊಡುತ್ತಿವೆ. ಅಮೆರಿಕದವರಿಗೆ ಕೊಡುವ ಲೆಕ್ಕವನ್ನು ದುಡ್ಡು ಕೊಡುವ ಸರ್ಕಾರಕ್ಕೆ ಕೊಡಲು ಏನು ಅಡ್ಡಿ?

ಇನ್ನು ಅಲ್ಕಾಪಾದಂಥ ಅಪರೂಪದ ಕಾಯಿಲೆಯ ವಿಷಯ. ಒಂದು ಆಸ್ಪತ್ರೆ ವರ್ಷಕ್ಕೆ ಇಬ್ಬರು ಮಕ್ಕಳಿಗೆ ಆಪರೇಷನ್ ಮಾಡಿ ಒಂದು ಮಗು ತೀರಿಕೊಂಡರೆ ಶೇ. 50 ಸಾವು ಎಂದು ಬೋರ್ಡು ಹಾಕುವುದು ಮೂರ್ಖತನ. ಐದು ವರ್ಷದ ಲೆಕ್ಕ ಒಟ್ಟಿಗೆ ನೋಡಬೇಕು, ಅದೇ ಮಟ್ಟದ ಬೇರೆ ಆಪರೇಷನ್ನುಗಳ ಜೊತೆ ಸೇರಿಸಿ ನೋಡಬೇಕು. ಆದರೆ ಇಲ್ಲೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಇಡೀ ರಾಜ್ಯದಲ್ಲಿ ವರ್ಷಕ್ಕೆ ಮೂರು–ನಾಲ್ಕು ಮಕ್ಕಳಿರುವ ಆಪರೇಷನ್ನನ್ನು ಪ್ಯಾಕೇಜಿನ ಪಟ್ಟಿಯಲ್ಲಿರುವ ಪ್ರತಿಯೊಂದು ಆಸ್ಪತ್ರೆಯೂ ಯಾಕೆ ಮಾಡಬೇಕು? ಸ್ವೀಡನ್ ದೇಶ 1993ರಲ್ಲಿ ನಾಲ್ಕು ಕಡೆ ನಡೆಯುತ್ತಿದ್ದ ಮಕ್ಕಳ ಹೃದಯದ ಆಪರೇಷನ್ನುಗಳನ್ನು ಎರಡೇ ಊರುಗಳಿಗೆ, ಲುಂಡ್ ಮತ್ತು ಗೋಥೆನ್‌ಬರ್ಗ್‌ಗೆ, ಸೀಮಿತಗೊಳಿಸಿತು. ಮೂವತ್ತು ದಿನದೊಳಗಿನ ಸಾವು ಶೇ. 9.5ರಿಂದ ಕೆಲವೇ ವರ್ಷಗಳಲ್ಲಿ ಶೇ. 1.9ಕ್ಕೆ ಇಳಿಯಿತು. ವಿದ್ಯೆ ಬೆಳೆದದ್ದೂ ಅದಕ್ಕೆ ಒಂದು ಕಾರಣ ಇರಬಹುದು, ಆದರೆ ಕೈ ಪಳಗುವುದು ಕೆಲಸ ಮಾಡಿದಷ್ಟೂ ಎಂದು ಹೇಳಲು ಸ್ವೀಡನ್ನಿನವರೇ ಬೇಕಿಲ್ಲ. ನಮ್ಮಲ್ಲಿ ಇಂಥ ಆಪರೇಷನ್ನಿಗೆ ಎರಡೋ ಮೂರೋ ಕೇಂದ್ರಗಳನ್ನು ಗೊತ್ತುಮಾಡಿ, ಬೀದರಿನ ಮಗುವನ್ನು ಅಲ್ಲಿಗೆ ತಲುಪಿಸುವ ಆಂಬುಲೆನ್ಸ್ ಮತ್ತು ಅಪ್ಪ ಅಮ್ಮ ಉಳಿದುಕೊಳ್ಳುವ ಕೋಣೆಯ ಖರ್ಚನ್ನು ಪ್ಯಾಕೇಜಿನಲ್ಲೇ ಸೇರಿಸಿ.

ಲೆಕ್ಕ ಶುರುವಾಗಬೇಕಾದ್ದು ಆಪರೇಷನ್ ಥಿಯೇಟರಿನಿಂದಲ್ಲ, ಎಕೋ ಕೋಣೆಯಿಂದ. ಕ್ಯೂನಲ್ಲಿದ್ದಾಗ ಸತ್ತ ಮಗು ಯಾವ ಆಸ್ಪತ್ರೆಯ ಖಾತೆಗೂ ಸೇರುವುದಿಲ್ಲ. ಬಾಗಿಲಿನಿಂದ ವಾಪಸಾದ ಮಗುವೂ ಅಷ್ಟೆ. ಪಕ್ಕದ ಕೇರಳ 2017ರಲ್ಲಿ ‘ಹೃದ್ಯಂ’ ಆರಂಭಿಸಿದ್ದು ಇದನ್ನು ಅರಿತು. ಹೃದಯದೋಷ ಪತ್ತೆಯಾದ ಮಗುವಿನ ಹೆಸರನ್ನು ಆನ್‌ಲೈನಿನಲ್ಲಿ ನೋಂದಾಯಿಸುತ್ತಾರೆ, ತಜ್ಞರು ವರದಿ ನೋಡಿ ಎಷ್ಟು ತುರ್ತು ಎಂದು ಶ್ರೇಣಿ ಕೊಡುತ್ತಾರೆ, ಬೆಡ್ ಎಲ್ಲಿದೆಯೋ ಅಲ್ಲಿಗೆ ಮಗುವನ್ನು ಕಳುಹಿಸುತ್ತಾರೆ. ನಮ್ಮಲ್ಲಿ ಅಪ್ಪನೇ ಫೈಲು ಹಿಡಿದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಿಟಿ ಬಸ್ಸಿನಲ್ಲಿ ಅಲೆಯುತ್ತಾನೆ. ಬೆಂಗಳೂರಿನಲ್ಲಿರುವಷ್ಟು ಮಕ್ಕಳ ಹೃದಯ ಸರ್ಜನ್ನರು ದೇಶದ ಹೆಚ್ಚಿನ ರಾಜ್ಯಗಳಲ್ಲೇ ಇಲ್ಲ. ಹೊರರಾಜ್ಯದವರೂ ಹೊರದೇಶದವರೂ ಹುಡುಕಿಕೊಂಡು ಬರುವ ಊರದು. ಅಲ್ಲಿಗೆ ನಮ್ಮ ಸಿಂಧನೂರಿನ, ಚಾಮರಾಜನಗರದ ಕೂಸು ಎಷ್ಟನೇ ತಿಂಗಳಿಗೆ ಬಂದು ತಲುಪುತ್ತದೆ? ಈ ಅಂಕಿಯೂ ಪಟ್ಟಿಯಲ್ಲಿರಲಿ. ಅದು ಸರ್ಜನ್ನರ ಪರೀಕ್ಷೆಯಲ್ಲ, ನಿಮ್ಮ ಇಲಾಖೆಯ ಪರೀಕ್ಷೆ.

ಕೆಲಸ ಹೇಗೆ ಶುರುಮಾಡಬಹುದು ಎಂಬುದಕ್ಕೆ ನನ್ನ ಸಲಹೆ ಇಷ್ಟು. ಮೊದಲ ವರ್ಷ ಅಂಕಿಯನ್ನು ಆಸ್ಪತ್ರೆಗಳಿಗಷ್ಟೇ ತೋರಿಸಿ, ತಪ್ಪಿದ್ದರೆ ತಿದ್ದಲು ಅವಕಾಶ ಕೊಡಿ. ಎರಡನೇ ವರ್ಷದಿಂದ ಜನರ ಮುಂದಿಡಿ, ಕನ್ನಡದಲ್ಲಿ, ಆರೋಗ್ಯಮಿತ್ರರ ಟೇಬಲ್ಲಿನ ಮೇಲೂ ಒಂದು ಪ್ರತಿ ಇರಲಿ. ಅಂಕಿ ಕೊಡದ ಆಸ್ಪತ್ರೆಗೆ ಕ್ಲೇಮು ಕೊಡಬೇಡಿ; ಕಷ್ಟದ ಮಗುವನ್ನು ಕೈಗೆತ್ತಿಕೊಂಡ ಆಸ್ಪತ್ರೆಗೆ ಪ್ಯಾಕೇಜ್ ದರ ಹೆಚ್ಚಿಸಿ. ಫಲಿತಾಂಶ ಕೆಟ್ಟಿದ್ದರೆ ಪೊಲೀಸರನ್ನು ಕಳುಹಿಸಬೇಡಿ, ಇನ್ನೊಂದು ಆಸ್ಪತ್ರೆಯ ಸರ್ಜನ್ನರನ್ನು ಕಳುಹಿಸಿ. ಸರ್ಕಾರಿ ಸ್ವಾಯತ್ತ ಸಂಸ್ಥೆಗಳಿಂದಲೇ ಆರಂಭಿಸಿದರೆ ಖಾಸಗಿಯವರ ಬಾಯಿ ತಾನಾಗಿ ಮುಚ್ಚುತ್ತದೆ. ಆ ಸಂಸ್ಥೆಗಳು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು, ನಮ್ಮದಲ್ಲ ಎಂದು ಕಡತ ಆಚೆ ತಳ್ಳಬಹುದು ಎಂಬುದು ನನಗೂ ಗೊತ್ತು. ನಿಮ್ಮಿಬ್ಬರ ಕೋಣೆಗಳೂ ಒಂದೇ ವಿಧಾನಸೌಧದ ಆವರಣದಲ್ಲಿವೆ.

ಮುಂದಿನ ಅಧಿವೇಶನದಲ್ಲಿ ಯಾರಾದರೂ ಶಾಸಕರು ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳುವಂತೆ ಮಾಡಲು ಕೆಲವರು ಪ್ರಯತ್ನಿಸುತ್ತಿದ್ದೇವೆ. ಆಗ ಉತ್ತರದ ಅನುಬಂಧದಲ್ಲಿ ಆಸ್ಪತ್ರೆವಾರು ಪಟ್ಟಿ ಇರಲಿ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬ ಎಂದಿನ ಉತ್ತರ ಬೇಡ.

ಇಂತಿ,
ಮಕ್ಕಳ ವಾರ್ಡಿನ ಹೊರಗೆ ಕೂತು ಗೊತ್ತಿರುವ ಒಬ್ಬ ತೆರಿಗೆದಾರ